ಚಿಲಕ ಹಾಕಿದವರು ಯಾರು

ದಾವಣಗೆರೆಯ ಮಂಡಿಪೇಟೆಯಲ್ಲಿ ಗೋಣಿಚೀಲ, ಹಗ್ಗ, ತಾಡಪಾಲುಗಳ ಅಂಗಡಿ ಇಟ್ಟುಕೊಂಡಿರುವ ಕರಿಬಸವರಾಜರು ತಮ್ಮ ಅರವತ್ತೆರಡು ವರ್ಷದ ಬಾಳಿನಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಇದನ್ನು ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಅವರೇ ಆಗಾಗ ಹೇಳಿಕೊಳ್ಳುತ್ತಾರೆ. ಮೂವತ್ತೆಂಟು ವರ್ಷದ ಹಿಂದೆ ಹರಿಹರದ ಮರುಳಸಿದ್ದಮ್ಮನನ್ನು ಮದುವೆಯಾದದ್ದು ಸರಿ, ಮಗ ಬಸವಕಿರಣನಿಗೆ ಕಾಮರ್ಸ್ ಓದಿಸಿ ತಂದು ಅಂಗಡಿಯಲ್ಲೇ ಕೂರಿಸಿದ್ದು ಸರಿ, ವಿದ್ಯಾನಗರದಲ್ಲಿ ಮನೆ ಕಟ್ಟಿಸುವಾಗ ಎಂಜಿನಿಯರು ಬೇಡಿಕೊಂಡರೂ ಅಡಿಗೆಮನೆಗೆ ಕಿಟಕಿ ಇಡಿಸದೆ ಬಿಟ್ಟದ್ದೂ ಸರಿ. ಆ ಕಿಟಕಿ ಇಲ್ಲದ್ದರಿಂದ ಅಲ್ಲಿ ಹಾಡಹಗಲಲ್ಲೇ ದೀಪ ಹಾಕಬೇಕಾಗುತ್ತದೆ. ಹಾಕಿದ ದೀಪವನ್ನು ಅವರೇ ಬಂದು ಆರಿಸುತ್ತಾರೆ.

ದೀಪ ಆರಿಸುವುದು ಅವರಿಗೆ ಅಭ್ಯಾಸವಲ್ಲ, ವ್ರತ. ಯಾವ ಕೋಣೆಯ ಮುಂದೆ ಹಾದು ಹೋದರೂ ಕೈ ತಾನಾಗಿಯೇ ಗೋಡೆಯ ಕಡೆ ಚಾಚುತ್ತದೆ. ಸ್ವಿಚ್ಚು ಒತ್ತಿ, ಬಾಗಿಲು ಎಳೆದು, ಹೊರಗಿನಿಂದ ಚಿಲಕ ಹಾಕಿ, ಒಂದು ಸಲ ಕೆಮ್ಮಿ ಮುಂದೆ ನಡೆಯುತ್ತಾರೆ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡುವ ಪದ್ಧತಿ ಇಟ್ಟುಕೊಂಡಿಲ್ಲ. ಹೆಂಡತಿ ದೇವರಕೋಣೆಯಲ್ಲಿ, ಸೊಸೆ ತನುಶ್ರೀ ಬಟ್ಟೆ ಮಡಚುವ ಕೋಣೆಯಲ್ಲಿ, ಮಗ ಬಚ್ಚಲಲ್ಲಿ ಸರದಿಯ ಮೇಲೆ ಸಿಕ್ಕಿಬಿದ್ದಿದ್ದಾರೆ. ಹಾಗಾಗಿ ಮನೆಯವರೆಲ್ಲ ಈಗ ಎಲ್ಲಿಗೆ ಹೋದರೂ ಮೊಬೈಲು ಹಿಡಿದುಕೊಂಡೇ ಹೋಗುತ್ತಾರೆ. ಈಗಿನ ಮಂದಿಗೆ ಬಚ್ಚಲಿಗೂ ಮೊಬೈಲು ಬೇಕು ಎಂದು ಕರಿಬಸವರಾಜರು ಅಂಗಡಿಗೆ ಬಂದವರ ಹತ್ತಿರ ಬೇಸರಪಟ್ಟುಕೊಳ್ಳುತ್ತಾರೆ.

ಇಂಥವರಿಗೂ ಒಂದು ದೌರ್ಬಲ್ಯವಿತ್ತು. ಸಂಜೆ ಏಳೂವರೆಗೆ ಟೀವಿಯಲ್ಲಿ ಬರುವ ‘ಏಳು ಜನ ಒಂದು ಗೀಸರ್’ ಎಂಬ ನಗೆ ಧಾರಾವಾಹಿ. ಅಂಗಡಿಯನ್ನು ಏಳಕ್ಕೇ ಮಗನಿಗೆ ಒಪ್ಪಿಸಿ, ಮನೆಗೆ ಬಂದು ಕಾಲು ತೊಳೆದು, ಪಡಸಾಲೆಯ ಮರದ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಒಂದು ಕೂಡು ಕುಟುಂಬ, ಅದಕ್ಕೊಬ್ಬ ಯಜಮಾನ ರುದ್ರಮೂರ್ತಿ. ಎಲ್ಲದರಲ್ಲೂ ಮೂಗು ತೂರಿಸುತ್ತಾನೆ, ಯಾರ ಮಾತೂ ಕೇಳುವುದಿಲ್ಲ, ಗೀಸರಿನ ಸ್ವಿಚ್ಚಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾನೆ, ಕೆಲಸ ಕೆಟ್ಟ ಕೂಡಲೇ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾನೆ. ಅವನನ್ನು ನೋಡಿ ಕರಿಬಸವರಾಜರು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಇಂಥ ಗಂಡಸರೂ ಇರುತ್ತಾರಲ್ಲ, ಇವನ ಹೆಂಡತಿ ಮಕ್ಕಳು ಅದೆಂಗೆ ಬಾಳುವೆ ಮಾಡುತ್ತಾರೋ ಎಂದು ಮರುಕಪಡುತ್ತಿದ್ದರು. ಮರುಳಸಿದ್ದಮ್ಮ ಅವರೆಕಾಯಿ ಸುಲಿಯುತ್ತ ಹೂಂ ಅನ್ನುತ್ತಿದ್ದರು. ತನುಶ್ರೀ ಮಾತ್ರ ಟೀವಿ ಬಿಟ್ಟು ಮಾವನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದಳು. ಸೊಸೆಗೆ ತಮ್ಮ ಮೇಲೆ ಎಷ್ಟು ಗೌರವ ಎಂದು ಅವರಿಗೆ ಒಳಗೊಳಗೇ ಹಿಗ್ಗು.

ತನುಶ್ರೀ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ಕೆಲಸ ಏನೆಂದು ಆಕೆ ಮಾವನಿಗೆ ಮೂರು ಸಲ ಹೇಳಿದ್ದಳು. ಮೊದಲ ಸಲ ಅವರು ಪೇಪರು ಓದುತ್ತಿದ್ದರು, ಎರಡನೆಯ ಸಲ ತಾವೇ ಮಾತಾಡುತ್ತಿದ್ದರು, ಮೂರನೆಯ ಸಲ ಪೂರ್ತಿ ಕೇಳುವ ಮೊದಲೇ, ಟೈಪಿಂಗ್ ಒಳ್ಳೆಯ ವಿದ್ಯೆ ಕಣಮ್ಮ, ಬೆನ್ನು ನೆಟ್ಟಗಿಟ್ಟು ಕೂಡಬೇಕು ಎಂದು ಉಪದೇಶ ಮಾಡಿ ಎದ್ದು ಹೋಗಿದ್ದರು. ಧಾರಾವಾಹಿಯ ಕೊನೆಗೆ ಅದನ್ನು ಬರೆದವರ ಹೆಸರು ಬರುತ್ತಿತ್ತು. ಆದರೆ ಕಥೆ ಮುಗಿದ ಮೇಲೆ ಬರೇ ಹೆಸರುಗಳಿಗೆ ಕರೆಂಟು ಸುಡುವುದು ಯಾಕೆ ಎಂದು ಕರಿಬಸವರಾಜರು ಅಷ್ಟರಲ್ಲಿ ಎದ್ದು ಟೀವಿಯ ಗೋಡೆ ಸ್ವಿಚ್ಚನ್ನೇ ಆರಿಸಿರುತ್ತಿದ್ದರು. ಹೀಗೆ, ಸಂಬಂಧಿಕರಿಗೆಲ್ಲ ಗೊತ್ತಿದ್ದ ಒಂದು ವಿಷಯ ಒಂದೂವರೆ ವರ್ಷವಾದರೂ ಮನೆಯ ಯಜಮಾನರಿಗೆ ಮಾತ್ರ ಗೊತ್ತಾಗಲಿಲ್ಲ.

ಹೋದ ಆಷಾಢದ ಒಂದು ಬುಧವಾರ ಬಂದ ಎಪಿಸೋಡಿನಲ್ಲಿ ರುದ್ರಮೂರ್ತಿ ಭಾವಮೈದುನನ ಮಗಳ ನಿಶ್ಚಿತಾರ್ಥಕ್ಕೆ ಹೋಗುತ್ತಾನೆ. ಗಂಡಿನ ಅಜ್ಜ ಬಚ್ಚಲಿಗೆ ಹೋದ ಹೊತ್ತಿಗೆ ಇವನು ಅತ್ತ ಹಾದುಹೋಗಿ, ದೀಪ ಆರಿಸಿ, ಹೊರಗಿನಿಂದ ಚಿಲಕ ಹಾಕುತ್ತಾನೆ. ತಾಂಬೂಲ ಬದಲಿಸುವ ಹೊತ್ತಿಗೆ ಅಜ್ಜ ಇಲ್ಲ. ಹುಡುಕಾಟ ಶುರುವಾಗುತ್ತದೆ, ಅದಕ್ಕೆ ರುದ್ರಮೂರ್ತಿಯೇ ಮುಂದಾಳು. ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಅಜ್ಜ ಬಚ್ಚಲಲ್ಲಿ ಸಿಕ್ಕಿರುತ್ತಾನೆ. ಚಿಲಕ ಹಾಕಿದವರು ಯಾರು ಎಂದು ಪ್ರಶ್ನೆ ಬಂದಾಗ ರುದ್ರಮೂರ್ತಿ ಬಡಪಾಯಿ ಭಾವಮೈದುನನ ಕಡೆ ಬೆರಳು ತೋರಿಸುತ್ತಾನೆ. ಆಗ ಅವನ ಹೆಂಡತಿ, ನೂರೆಂಟು ಎಪಿಸೋಡಿನಿಂದ ಒಂದೇ ಒಂದು ಎದುರು ಮಾತಾಡದವಳು, ಬೀಗರ ಮುಂದೆ ಎದ್ದು ನಿಲ್ಲುತ್ತಾಳೆ.

“ಚಿಲಕ ಹಾಕಿದ್ದು ನಮ್ಮನೆಯವ್ರು,” ಅನ್ನುತ್ತಾಳೆ. “ನಾನು ನೋಡ್ದೆ. ನೋಡಿ ಸುಮ್ಮನಿದ್ದೆ. ನೋಡಿ ಸುಮ್ಮನಿರೋದೇ ನನ್ನ ಕೆಲಸ ಆಗೇತೆ.”

ಕರಿಬಸವರಾಜರು ತೊಡೆ ತಟ್ಟಿ ನಕ್ಕರು. ನಗುತ್ತ ನಗುತ್ತಲೇ ಅವರಿಗೆ ಒಂದು ವಿಷಯ ಹೊಳೆಯಿತು, ಇದು ತಮಗೆ ಗೊತ್ತಿರುವ ಕಥೆ.

ನಡೆದದ್ದು ಹದಿನಾಲ್ಕು ತಿಂಗಳ ಹಿಂದೆ, ಹರಿಹರದಲ್ಲಿ. ಮರುಳಸಿದ್ದಮ್ಮನ ತಮ್ಮ ಉಜ್ಜನಪ್ಪ ಅಲ್ಲಿ ಮೋಟರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಮೆತ್ತಗಿನ ಮನುಷ್ಯ, ಮೋಟರಿನ ಹತ್ತಿರವೂ ಜೋರಾಗಿ ಮಾತಾಡಿದವನಲ್ಲ. ಅವನ ಮಗಳು ಪೂಜಾಳ ನಿಶ್ಚಿತಾರ್ಥ. ಗಂಡಿನವರು ಲೋಕಿಕೆರೆಯವರು, ಅವರ ಜೊತೆ ಬಂದಿದ್ದ ಹುಡುಗನ ಅಜ್ಜ ಗುರುಶಾಂತಪ್ಪನವರಿಗೆ ಎಂಬತ್ತೆರಡು. ಆ ಅಜ್ಜ ಕಾಣೆಯಾದಾಗ ಆರು ಜನ ಗಂಡಸರನ್ನು ಕಟ್ಟಿಕೊಂಡು ಹೊಳೆದಂಡೆಗೆ ಹೋದವರು ನಮ್ಮ ಕರಿಬಸವರಾಜರೇ. ಸೇತುವೆಯ ಕೆಳಗೆ, ದೇವಸ್ಥಾನದ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿಸಿದರು. ದಾರಿಯುದ್ದಕ್ಕೂ, ಹರಿಹರದವರಿಗೆ ಹಿರಿಯರನ್ನು ನೋಡಿಕೊಳ್ಳುವ ರೀತಿಯೇ ಗೊತ್ತಿಲ್ಲ ಎಂದು ಹರಿಹರದವರಿಗೇ ತಿಳಿಸಿ ಹೇಳಿದರು. ವಾಪಸು ಬರುವಷ್ಟರಲ್ಲಿ ಉಜ್ಜನಪ್ಪನ ಹೆಂಡತಿ ದ್ರಾಕ್ಷಾಯಣಮ್ಮ ಬಕೆಟ್ಟಿಗೆಂದು ಹೋಗಿ ಬಚ್ಚಲ ಚಿಲಕ ತೆಗೆದಿದ್ದಳು. ಅಜ್ಜ ನಲವತ್ತು ನಿಮಿಷ ಕತ್ತಲಲ್ಲಿ ಕೂತು ಹೊರಗೆ ಬಂದು, ಊಟಕ್ಕೆ ಎಲೆ ಹಾಕಿದರೇನು ಎಂದು ಕೇಳಿದ್ದರು.

ಕರಿಬಸವರಾಜರು ನಿಂತ ಕಾಲಲ್ಲೇ ತೀರ್ಪು ಕೊಟ್ಟಿದ್ದರು. ಮನೆ ಯಾರದೋ ಚಿಲಕ ಅವರದು, ಚಿಲಕ ಯಾರದೋ ತಪ್ಪು ಅವರದು. ಬೀಗರು ಬಂದ ಗಡಿಬಿಡಿಯಲ್ಲಿ ಬೆಳಗಿನಿಂದ ತಾನು ಏನು ಮಾಡಿದೆ, ಏನು ಬಿಟ್ಟೆ ಎನ್ನುವುದೇ ನೆನಪಿರದಿದ್ದ ಉಜ್ಜನಪ್ಪ, ತಾನೇ ಹಾಕಿರಬಹುದು ಎಂದು ಕೈಮುಗಿದಿದ್ದ. ಮದುವೆಯೇನೋ ಆಯಿತು. ಆದರೆ ಲೋಕಿಕೆರೆಯವರು ಉಜ್ಜನಪ್ಪನಿಗೆ ‘ಬೀಗ ಹಾಕೋ ಬೀಗರು’ ಎಂದು ಹೆಸರಿಟ್ಟರು. ಮದುವೆಯ ಉಡುಗೊರೆಗಳ ನಡುವೆ ಬಣ್ಣದ ಕಾಗದದಲ್ಲಿ ಸುತ್ತಿದ ಒಂದು ಹಿತ್ತಾಳೆ ಬೀಗವೂ ಬಂತು. ಆಮೇಲಿನ ದೀಪಾವಳಿಗೆ ಉಜ್ಜನಪ್ಪ ಅಕ್ಕನ ಮನೆಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಅವನಿಗೆ ಮುಖ ತೋರಿಸಲು ನಾಚಿಕೆ ಎಂದು ಕರಿಬಸವರಾಜರು ಎಲ್ಲರಿಗೂ ಅರ್ಥ ಮಾಡಿಸಿದ್ದರು.

ಈಗ ಟೀವಿ ನೋಡುತ್ತ ಅವರಿಗೆ ಹೊಳೆದದ್ದು ಇಷ್ಟು. ಯಾರೋ ಪುಣ್ಯಾತ್ಮರು ಉಜ್ಜನಪ್ಪನ ಕಥೆಯನ್ನು ಟೀವಿಗೆ ಹಾಕಿದ್ದಾರೆ. ಅಂದರೆ ರುದ್ರಮೂರ್ತಿ ಎಂದರೆ ಉಜ್ಜನಪ್ಪ. ಮೂಗು, ಮೀಸೆ, ಜೋರು, ಯಾವುದೂ ಹೊಂದದಿದ್ದರೂ ಅದನ್ನೆಲ್ಲ ಟೀವಿಯವರು ಬದಲಾಯಿಸಿರಬೇಕು. ಹೆಂಡತಿಯ ಪಾತ್ರವನ್ನಂತೂ ಪೂರ್ತಿ ಕಲ್ಪಿಸಿದ್ದಾರೆ. ಪಾಪದ ದ್ರಾಕ್ಷಾಯಣಮ್ಮನಿಗೆ ಅಷ್ಟು ಮಾತು ಎಲ್ಲಿಂದ ಬರಬೇಕು? ಟೀವಿಯ ಸ್ವಿಚ್ಚು ಆರಿಸಿ ಬಂದು ಅವರು ಭಾವಮೈದುನನಿಗೆ ಫೋನು ಹಚ್ಚಿದರು. ನಿನ್ನ ಮಾನ ಟೀವಿಗೆ ಬಂತಲ್ಲೋ, ನೋಡಿದೆಯಾ ಎಂದು ಕೇಳಿದರು.

ಆ ಕಡೆಯಿಂದ ಉಜ್ಜನಪ್ಪ, “ನೋಡ್ದೆ ಭಾವ,” ಅಂದ. “ನೀವು ಕೊನೇ ತನಕ ನೋಡಿದ್ರಾ?”

ನೋಡಿದೆ ಎಂದರು ಇವರು. ಹೆಸರು ಬರುವ ತನಕ ನೋಡಿದಿರಾ ಎಂದು ಅವನು ಇನ್ನೊಮ್ಮೆ ಕೇಳಿದ. ಹೆಸರು ಕಟ್ಟಿಕೊಂಡು ಏನಾಗಬೇಕು ಎಂದು ಇವರು ಫೋನು ಇಟ್ಟರು. ತನುಶ್ರೀ ಎದ್ದು ಒಳಗೆ ಹೋದಳು. ಮರುಳಸಿದ್ದಮ್ಮ ಅವರೆಕಾಯಿಯ ಬುಟ್ಟಿ ಮುಂದಿಟ್ಟುಕೊಂಡು ಖಾಲಿ ಟೀವಿಯನ್ನು ನೋಡುತ್ತಲೇ ಇದ್ದರು.

ಮರುದಿನ ಮಂಡಿಪೇಟೆಗೆ ಹೋದರೆ ಎಲ್ಲರ ಬಾಯಲ್ಲೂ ಅದೇ ಎಪಿಸೋಡು. ಪಕ್ಕದ ತಕ್ಕಡಿ ಅಂಗಡಿಯ ನೌಮಾನ್ ಬಂದು ಕೈಕುಲುಕಿ, ನಿನ್ನೆ ಮಸ್ತ್ ಇತ್ತು ಅಣ್ಣಾರೆ ಎಂದ. ತಮ್ಮ ಅಭಿರುಚಿಯನ್ನು ಹೊಗಳುತ್ತಿದ್ದಾನೆ ಎಂದುಕೊಂಡು ಕರಿಬಸವರಾಜರು ಚಹಾ ತರಿಸಿದರು. ಚಹಾ ಕುಡಿದು ಹೋಗುವಾಗ ನೌಮಾನ್, ಇನ್ನು ಮೇಲೆ ನಮ್ಮ ಗೋದಾಮಿನ ಕಡೆ ಬಂದರೆ ಒಂದು ಸಲ ಕೂಗಿ ಬರ್ರಿ, ಒಳಗೆ ಮಂದಿ ಇರುತ್ತಾರೆ ಎಂದು ಗಂಭೀರವಾಗಿ ಹೇಳಿ ಹೋದ. ಬಸವಕಿರಣ ಹಗ್ಗದ ಸುರುಳಿಗಳ ಹಿಂದೆ ಬಗ್ಗಿ ಏನನ್ನೋ ಹುಡುಕತೊಡಗಿದ. ಬಹಳ ಹೊತ್ತು ಹುಡುಕಿದ.

ಆದರೂ ಅವರಿಗೆ ಅನುಮಾನ ಬರಲಿಲ್ಲ. ಅನುಮಾನ ಅನ್ನುವುದು ಬೇರೆಯವರ ಮೇಲೆ ಪಡುವಂಥದ್ದು ಎಂದು ಅವರು ಬಲ್ಲರು. ಬದಲಿಗೆ ಅವರಿಗೆ ಒಂದು ಉಪಾಯ ತೋಚಿತು. ಆ ಎಪಿಸೋಡು ಮೊಬೈಲಿನಲ್ಲೂ ಸಿಗುತ್ತದಂತೆ, ಅದನ್ನು ಭಾನುವಾರ ಹರಿಹರಕ್ಕೆ ಒಯ್ದು ಉಜ್ಜನಪ್ಪನ ಮುಂದೆಯೇ ಹಾಕಿ ತೋರಿಸಬೇಕು. ಮಗನಿಗೆ ಹುಡುಕಿಕೊಡು ಎಂದರು. ಬೇಡಪ್ಪಾಜಿ ಎಂದು ಅವನು ಎರಡು ಸಲ ಹೇಳಿದ. ಮೂರನೆಯ ಸಲಕ್ಕೆ ಹುಡುಕಿ ಹಚ್ಚಿ, ಮೊಬೈಲನ್ನು ಅಪ್ಪನ ಕೈಗೆ ಕೊಟ್ಟು, ತಾಡಪಾಲಿನ ಗಿರಾಕಿ ಬಂದರು ಎಂದು ಆಚೆ ನಡೆದ. ಗಿರಾಕಿ ಯಾರೂ ಬಂದಿರಲಿಲ್ಲ.

ಮೊಬೈಲಿಗೆ ಗೋಡೆಯ ಸ್ವಿಚ್ಚು ಇರುವುದಿಲ್ಲ. ಕಥೆ ಮುಗಿದ ಮೇಲೆ ಅದನ್ನು ಹೇಗೆ ಆರಿಸುವುದೆಂದು ಕರಿಬಸವರಾಜರು ತಡಕಾಡುತ್ತಿರುವಾಗಲೇ ಅಕ್ಷರಗಳು ಬಂದವು. ಕಥೆ, ಸಂಭಾಷಣೆ: ತನುಶ್ರೀ ಬಸವಕಿರಣ್, ದಾವಣಗೆರೆ.

ಬೇರೆಯವರಾದರೆ ಅಲ್ಲೇ ಕೂತುಬಿಡುತ್ತಿದ್ದರು. ಇವರು ಮೊದಲು, ದಾವಣಗೆರೆಯಲ್ಲಿ ಇನ್ನೊಬ್ಬ ಬಸವಕಿರಣನೂ ಅವನಿಗೊಬ್ಬಳು ತನುಶ್ರೀಯೂ ಇರಬಹುದೇ ಎಂದು ಲೆಕ್ಕ ಹಾಕಿದರು. ಆ ದಾರಿ ಮುಚ್ಚಿದ ಮೇಲೆ ಮನೆಗೆ ನಡೆದರು. ಮಧ್ಯಾಹ್ನ ಒಂದು ಗಂಟೆ. ಸೊಸೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದಳು, ಬೆನ್ನು ನೆಟ್ಟಗೇ ಇತ್ತು. ಮಾವ ಬಾಗಿಲಲ್ಲೇ ನಿಂತು ತಮ್ಮ ಮನೆತನ, ತಮ್ಮ ಅಪ್ಪ, ಅಪ್ಪನ ಅಪ್ಪ, ಮಂಡಿಪೇಟೆಯಲ್ಲಿ ಎಪ್ಪತ್ತು ವರ್ಷದಿಂದ ಉಳಿಸಿಕೊಂಡು ಬಂದ ಹೆಸರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಬಚ್ಚಲ ಸುದ್ದಿಯನ್ನು ಊರಿಗೆಲ್ಲ ಹರಡಲು ಇವಳನ್ನು ಮನೆ ತುಂಬಿಸಿಕೊಂಡೆವೇ ಎಂದರು. ಅದೂ ಸುಳ್ಳು ಸುದ್ದಿ, ಇಲ್ಲದ್ದನ್ನು ಸೇರಿಸಿ ಬರೆದದ್ದು ಎಂದರು.

ತನುಶ್ರೀ ಲ್ಯಾಪ್‌ಟಾಪು ಮುಚ್ಚಿದಳು.

“ಸೇರಿಸಿಲ್ಲ ಮಾವ, ಬಿಟ್ಟೀನಿ. ಅಜ್ಜಾರು, ಅವ್ರೇ ಅಂತ ನಮಗೆ ಆಮೇಲೆ ಗೊತ್ತಾತು, ಒಳಗಿಂದ ಬಾಗಿಲು ಬಡಿದಾಗ ನೀವು, ‘ಸ್ವಲ್ಪ ತಡೀರಿ, ಇಲ್ಲಿ ಅಜ್ಜಾರು ಕಳೆದುಹೋಗ್ಯಾರೆ’ ಅಂತ ಹೇಳಿ ಹೊಳೆ ಕಡೆ ಹೋದ್ರಿ. ಅದನ್ನ ಬರೆದಿದ್ದೆ. ಇಂಥದ್ದನ್ನ ಯಾರೂ ನಂಬಲ್ಲ ಅಂತ ಡೈರೆಕ್ಟರು ತೆಗೆಸಿದ್ರು.”

ಹಾಗೊಂದು ಬಾಗಿಲು ಬಡಿದ ನೆನಪು ಕರಿಬಸವರಾಜರಿಗೆ ಎಲ್ಲೋ ಮಸುಕಾಗಿ ಇತ್ತು. ಯಾರೋ ಅಡ್ಡಿ ಮಾಡುತ್ತಿದ್ದಾರೆ ಎಂದು ಸಿಟ್ಟು ಬಂದದ್ದೂ ನೆನಪಿತ್ತು. ಆದರೆ ನೆನಪನ್ನು ನಂಬಿ ಸೋಲುವ ಕುಳವಲ್ಲ ಅದು. ಚಿಲಕ ಹಾಕಿದ್ದನ್ನು ಯಾರು ನೋಡಿದ್ದಾರೆ, ಒಬ್ಬರನ್ನು ತೋರಿಸು ಎಂದು ಸವಾಲು ಹಾಕಿದರು.

“ನಾನು ನೋಡೀನಿ,” ಎಂದರು ಮರುಳಸಿದ್ದಮ್ಮ.

ಅವರು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಎರಡೂ ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಗಂಡ ಮಾತಾಡುತ್ತಿರುವಾಗ ಅವರು ನಡುವೆ ಬಾಯಿ ಹಾಕಿದ್ದು ಇದೇ ಮೊದಲು. ಕರಿಬಸವರಾಜರಿಗೆ ಕೂಡಲೇ ಸಿಟ್ಟು ಬರಲಿಲ್ಲ, ಯಾರು ಮಾತಾಡಿದ್ದು ಎಂದೇ ತಿಳಿಯಲಿಲ್ಲ.

“ಟೀವಿಯಾಗೆ ಆಕೆ ಎದ್ದು ಹೇಳ್ತಾಳಲ್ಲ, ಆ ಮಾತು ತನು ಬರೆದಿದ್ದಲ್ಲ. ಅತ್ತೆ, ನೀವಾಗಿದ್ರೆ ಏನ್ ಹೇಳ್ತಿದ್ರಿ ಅಂತ ಕೇಳಿದ್ಲು. ನಾನು ಹೇಳ್ದೆ, ಆಕೆ ಬರ್ಕೊಂಡ್ಲು. ಒಳಗೆ ಅಜ್ಜಾರು ಅದಾರೆ ಅಂತ ಗೊತ್ತಿರ್ಲಿಲ್ಲ, ಗೊತ್ತಾದ ಮೇಲಾದ್ರೂ ಆವತ್ತೇ ಹರಿಹರದಾಗೆ ಹೇಳ್ಬೇಕಿತ್ತು. ನನ್ನ ತಮ್ಮ ಎಲ್ಲರ ಮುಂದೆ ಕೈಮುಗಿದು ನಿಂತಿದ್ದ, ನಾನು ನೋಡ್ತಾ ಕೂತಿದ್ದೆ.”

ಕರಿಬಸವರಾಜರು ಒಂದು ಹೆಜ್ಜೆ ಹಿಂದೆ ಸರಿದು ಹೊಸ ವಾದ ಹೂಡಿದರು. ಆಯಿತು, ಮಾತಿಗೆ ತಾವೇ ಹಾಕಿದ್ದು ಅಂತ ಇಟ್ಟುಕೊಳ್ಳೋಣ. ಒಳಗೆ ಇದ್ದೀನಿ ಅಂತ ಅಜ್ಜ ಬಾಯಿಬಿಟ್ಟು ಹೇಳಬೇಕಿತ್ತೋ ಬೇಡವೋ?

“ಹೇಳಿದ್ರು,” ಎಂದಳು ತನುಶ್ರೀ.

ಮರುದಿನ ಬೆಳಿಗ್ಗೆ ಮರುಳಸಿದ್ದಮ್ಮ ನಾಲ್ಕು ಸೀರೆ ಬ್ಯಾಗಿಗೆ ಹಾಕಿಕೊಂಡು ಹರಿಹರಕ್ಕೆ ಹೊರಟರು. ಗಂಡ ಪೇಪರಿನ ಹಿಂದಿನಿಂದಲೇ, ಯಾವಾಗ ಬರುತ್ತೀ ಎಂದು ಕೇಳಿದರು. ನೀವು ಬಂದು ಹೇಳಿದ ಮೇಲೆ ಎಂದರು ಮರುಳಸಿದ್ದಮ್ಮ. ಏನು ಹೇಳಬೇಕು ಎಂದು ಗಂಡ ಕೇಳಲಿಲ್ಲ, ಹೆಂಡತಿಯೂ ಬಿಡಿಸಿ ಹೇಳಲಿಲ್ಲ. ಬಸವಕಿರಣ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬಂದ.

ಎರಡು ದಿನದಲ್ಲಿ ಬರುತ್ತಾಳೆ ಬಿಡು ಎಂದು ಕರಿಬಸವರಾಜರು ಮಗನಿಗೆ ಧೈರ್ಯ ಹೇಳಿದರು. ಮಗ ಧೈರ್ಯ ಕೇಳಿರಲಿಲ್ಲ. ಮನೆ ಎಂದಿನಂತೆಯೇ ನಡೆಯಿತು; ತನುಶ್ರೀ ಹೊತ್ತು ಹೊತ್ತಿಗೆ ರೊಟ್ಟಿ, ಪಲ್ಯ ಬಡಿಸುತ್ತಿದ್ದಳು, ಸಿಟ್ಟು ತೋರಿಸುತ್ತಿರಲಿಲ್ಲ. ಸಿಟ್ಟು ತೋರಿಸಿದ್ದರೆ ಅವರಿಗೆ ಅನುಕೂಲವಾಗುತ್ತಿತ್ತು. ತೊಂದರೆ ಬೇರೆ ಕಡೆಯಿಂದ ಬಂತು. ದಿನಾ ಬೆಳಿಗ್ಗೆ ತಿಂಡಿ ಆದ ಮೇಲೆ ಮರುಳಸಿದ್ದಮ್ಮ ಅವರ ಅಂಗೈಗೆ ಒಂದು ಬಿಳಿ ಗುಳಿಗೆ ಇಡುತ್ತಿದ್ದರು, ಶಕ್ತಿಗೆ ಎಂದು. ಈಗ ಸೊಸೆ ಅದನ್ನು ಹಾಳೆ ಸಮೇತ ತಂದು ಮುಂದಿಟ್ಟಳು. ಹಾಳೆಯ ಮೇಲಿನ ಹೆಸರನ್ನು ಅವರು ಮೆಡಿಕಲ್ ಶಾಪಿನಲ್ಲಿ ವಿಚಾರಿಸಿದರು. ತಮಗೆ ಐದು ವರ್ಷದಿಂದ ಬೀಪಿ ಇದೆ ಎಂಬ ಸಂಗತಿ ಹೀಗೆ ಅವರಿಗೆ ತಿಳಿಯಿತು. ಈ ಐದು ವರ್ಷವೂ ಅವರು, ಸಿಟ್ಟು ಮಾಡಿಕೊಳ್ಳದವನಿಗೆ ಬೀಪಿ ಎಲ್ಲಿಂದ ಬರಬೇಕು, ನನ್ನನ್ನು ನೋಡಿ ಕಲಿಯಿರಿ ಎಂದು ನೌಮಾನನಿಗೆ ಬೈದು ಬೈದು ಹೇಳಿದ್ದರು. ಡಾಕ್ಟರು ಹೇಳಿದ್ದನ್ನು ಇವರಿಗೆ ಹೇಳಿದರೆ ಗುಳಿಗೆಯ ಮೇಲೂ ಡಾಕ್ಟರ ಮೇಲೂ ವಾದ ಹೂಡುತ್ತಾರೆ ಎಂದು ಮರುಳಸಿದ್ದಮ್ಮ ಅದನ್ನೂ ನೋಡಿ ಸುಮ್ಮನಿದ್ದು ನಿಭಾಯಿಸಿದ್ದರು.

ಆ ದಿನ ಅಂಗಡಿಯಲ್ಲಿ ಗೋಣಿಚೀಲದ ಗಿರಾಕಿಯೊಬ್ಬ ಚೌಕಾಸಿ ಮಾಡಿದರೂ ಅವನ ಊರಿನವರ ಗುಣ ಎಂಥದ್ದೆಂದು ಅವನಿಗೆ ತಿಳಿಸದೆ ಬಿಟ್ಟರು. ಹೆಂಡತಿಗೆ ತಮ್ಮ ಬಗ್ಗೆ ಇನ್ನೂ ಏನೇನು ಗೊತ್ತಿದೆಯೋ ಎಂದು ಯೋಚನೆಗೆ ಬಿದ್ದರು. ಯೋಚಿಸಿದಷ್ಟೂ ಆ ಪಟ್ಟಿ ಉದ್ದವಾಗುತ್ತ ಹೋಯಿತು. ಅವಳ ಬಗ್ಗೆ ತಮಗೆ ಏನು ಗೊತ್ತಿದೆ ಎಂದು ನೋಡಿದರೆ, ಹರಿಹರದವಳು, ಅವರೆಕಾಯಿ ಚೆನ್ನಾಗಿ ಸುಲಿಯುತ್ತಾಳೆ ಎಂಬಲ್ಲಿಗೆ ನಿಂತುಬಿಟ್ಟಿತು.

ಆರನೆಯ ದಿನ ಅವರು ಸೊಸೆಯ ಮುಂದೆ ಬಂದು ಕೂತರು. ಗಂಟಲು ಸರಿಮಾಡಿಕೊಂಡು, ಕಥೆಯಲ್ಲಿ ಆ ಹೆಂಡತಿ ಎದ್ದು ಹೇಳಿದಳಲ್ಲ, ಆಮೇಲೆ ರುದ್ರಮೂರ್ತಿ ಏನು ಮಾಡುತ್ತಾನೆ ಎಂದು ವಿಚಾರಿಸಿದರು. ತಮಗಾಗಿ ಅಲ್ಲ, ನೌಮಾನ್ ಕೇಳುತ್ತಿದ್ದ ಎಂದೂ ಸೇರಿಸಿದರು.

“ಗೊತ್ತಿಲ್ಲ ಮಾವ,” ಎಂದಳು ತನುಶ್ರೀ. “ಅವನು ತಪ್ಪಾಯ್ತು ಅಂತ ಹೇಳ್ಬೇಕು ಅಂತ ಬರೆದು ಕಳಿಸಿದ್ದೆ. ವಾಪಸ್ ಬಂತು. ಅಂಥಾ ಮನುಷ್ಯ ಅಲ್ಲ ಅವನು, ಹೇಳಲ್ಲ, ಜನ ಒಪ್ಪಲ್ಲ ಅಂತಾರೆ.”

ಕರಿಬಸವರಾಜರಿಗೆ ಇದು ಯಾಕೋ ಚುಚ್ಚಿತು. ಎಪಿಸೋಡು ನೋಡಿದಾಗ ಆಗದ ಅವಮಾನ ಈಗ ಆಯಿತು. ಯಾರವನು ಹೇಳಲ್ಲ ಅನ್ನುವವನು? ಬೆಂಗಳೂರಿನಲ್ಲಿ ಎ.ಸಿ. ಹಾಕಿಕೊಂಡು ಕೂತವನಿಗೆ ದಾವಣಗೆರೆಯ ಮನುಷ್ಯರು ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಅನ್ನುವುದು ಹೇಗೆ ತಿಳಿಯಬೇಕು? ರುದ್ರಮೂರ್ತಿಯೇನು ಕಲ್ಲೇ? ಅವನಿಗೂ ಹೆಂಡತಿ ಇಲ್ಲವೇ? ಇದನ್ನೆಲ್ಲ ಅವರು ಜೋರಾಗಿಯೇ ಕೇಳಿದರು. ತನುಶ್ರೀ ಅದನ್ನು ಬರೆದುಕೊಳ್ಳಲಿಲ್ಲ. ಅದು ಆಕೆಯ ದೊಡ್ಡತನ.

ಭಾನುವಾರ ಅವರು ಒಬ್ಬರೇ ಸ್ಕೂಟರು ಹತ್ತಿದರು. ಹಳೆಯ ರಸ್ತೆಯಲ್ಲಿ ಬಾತಿ ದಾಟುವ ತನಕ ಹೇಳಬೇಕಾದ ಮಾತನ್ನು ನಾಲ್ಕು ರೀತಿಯಲ್ಲಿ ಹೊಂದಿಸಿ ನೋಡಿದರು. ಮೊದಲನೆಯದರಲ್ಲಿ ತಪ್ಪು ಬಡಗಿಯದಾಗಿತ್ತು, ಎರಡನೆಯದರಲ್ಲಿ ಬಚ್ಚಲ ಬಾಗಿಲನ್ನು ದಾರಿಯಲ್ಲಿ ಇಟ್ಟ ಮೇಸ್ತ್ರಿಯದು, ಮೂರನೆಯದರಲ್ಲಿ ಕರೆಂಟಿನ ದರ ಏರಿಸಿದ ಸರ್ಕಾರದ್ದು. ನಾಲ್ಕನೆಯದರಲ್ಲಿ ಮಾತ್ರ ತಮ್ಮದು. ಅದನ್ನು ಬಾಯಲ್ಲಿ ಆಡಿ ನೋಡಲು ಹೋದಾಗ ಹೆಲ್ಮೆಟ್ಟಿನೊಳಗೆ ಅದು ಯಾರೋ ಬೇರೆಯವರ ದನಿಯ ಹಾಗೆ ಕೇಳಿಸಿತು.

ಉಜ್ಜನಪ್ಪನ ಮನೆಯಲ್ಲಿ ಪೂಜಾ, ಅವಳ ಗಂಡ, ಸಾಲದ್ದಕ್ಕೆ ಗುರುಶಾಂತಪ್ಪಜ್ಜನವರು ಕೂಡ ಇದ್ದರು. ಅಜ್ಜನಿಗೆ ಕಣ್ಣು ತೋರಿಸಲು ಬಂದಿದ್ದರಂತೆ. ದ್ರಾಕ್ಷಾಯಣಮ್ಮ ಬರ್ರಿ, ಕೂಡ್ರಿ ಎಂದು ನೀರು ಕೊಟ್ಟಳು. ಮರುಳಸಿದ್ದಮ್ಮ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತರು. ಕರಿಬಸವರಾಜರು ಮಳೆ ಬೆಳೆ ಮಾತಾಡಿದರು, ಲೋಕಿಕೆರೆಯ ಕಡೆಯ ನಾಲೆ ನೀರಿನ ಬಗ್ಗೆ ಮಾತಾಡಿದರು, ಕಣ್ಣಿನ ಪೊರೆಯ ಬಗ್ಗೆ ತಮಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಮಾತಾಡಿದರು. ನಡುವೆ ಕೈ ತೊಳೆಯಲೆಂದು ಬಚ್ಚಲ ಕಡೆ ಹೋದವರು ಅಲ್ಲೇ ನಿಂತುಬಿಟ್ಟರು.

ಬಾಗಿಲಿಗೆ ಚಿಲಕವೇ ಇರಲಿಲ್ಲ. ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತುಗಳಿದ್ದವು. ಬಾಗಿಲು ತೆರೆದುಕೊಳ್ಳದಂತೆ ಒಂದು ಇಟ್ಟಿಗೆ ಒತ್ತಿಟ್ಟಿದ್ದರು. ಉಜ್ಜನಪ್ಪ ಹಿಂದೆಯೇ ಬಂದು, ನಿಶ್ಚಿತಾರ್ಥದ ಮರುದಿನವೇ ತೆಗೆದುಹಾಕಿದೆ ಭಾವ, ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು ಎಂದ. ಹೇಳುವಾಗ ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಮುಜುಗರ. ಹದಿನಾಲ್ಕು ತಿಂಗಳು ಆ ಮನುಷ್ಯ, ತಾನು ಮಾಡಿರದ ಒಂದು ಕೆಲಸವನ್ನು ನೆನಪಿಗೆ ತಂದುಕೊಳ್ಳಲು ಹೆಣಗಾಡಿದ್ದ.

ಕರಿಬಸವರಾಜರು ಕೈ ತೊಳೆಯದೆ ಪಡಸಾಲೆಗೆ ವಾಪಸು ಬಂದರು. ಕೂಡ್ರಲಿಲ್ಲ.

“ಆವತ್ತು ಚಿಲಕ ಹಾಕಿದ್ದು ನಾನೇ ಇರ್ಬೇಕು,” ಅಂದರು.

“ಇರ್ಬೇಕು ಅಲ್ಲ,” ಎಂದರು ಮರುಳಸಿದ್ದಮ್ಮ, ಗೋಡೆಯ ಕಡೆಯಿಂದ.

“ನಾನೇ,” ಅಂದರು ಕರಿಬಸವರಾಜರು. “ಉಜ್ಜನಪ್ಪಂದು ಏನೂ ತಪ್ಪಿಲ್ಲ. ನನ್ನದೇ ತಪ್ಪು.”

ಮಾತು ಅಷ್ಟೇ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಹಣೆ, ಕುತ್ತಿಗೆಯೆಲ್ಲ ಬೆವೆತು ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಉಜ್ಜನಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹಿತ್ತಲಿಗೆ ನಡೆದ. ಮರುಳಸಿದ್ದಮ್ಮ ತಮ್ಮನ ಹಿಂದೆ ಹೋದರು. ಇತ್ತ ಗುರುಶಾಂತಪ್ಪಜ್ಜ ಕಿವಿಗೆ ಕೈ ಅಡ್ಡ ಹಿಡಿದು, ಏನಂತೆ ಎಂದು ಮೊಮ್ಮಗನನ್ನು ಕೇಳಿದರು. ಅವನು ಜೋರಾಗಿ, ಬಿಡಿಸಿ, ಎರಡು ಸಲ ಹೇಳಿದ. ಅಜ್ಜ ಕರಿಬಸವರಾಜರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆವತ್ತು ಕತ್ತಲಲ್ಲಿ ತಮಗೆ ಅಂಥ ತೊಂದರೆ ಏನೂ ಆಗಲಿಲ್ಲ, ನಲವತ್ತು ನಿಮಿಷ ಯಾರೂ ಉಪದೇಶ ಮಾಡಲಿಲ್ಲ, ನೆಮ್ಮದಿಯಾಗಿತ್ತು ಎಂದರು. ಊರಿನಲ್ಲಿ ಬೀಗರಿಗೆ ಇಟ್ಟ ಹೆಸರನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲ, ಎಷ್ಟು ಚೆನ್ನಾಗಿತ್ತು ಹೆಸರು ಎಂದು ನಿಜವಾಗಿಯೇ ಬೇಸರಪಟ್ಟರು. ಸ್ವಲ್ಪ ಯೋಚಿಸಿ, ನೀವೂ ಒಂದು ಲೆಕ್ಕದಲ್ಲಿ ನಮಗೆ ಬೀಗರೇ ಆಗುತ್ತೀರಲ್ಲ ಎಂದು ಸಮಾಧಾನ ಮಾಡಿಕೊಂಡರು.

ಊಟಕ್ಕೆ ರೊಟ್ಟಿ, ಎಣಗಾಯಿ, ಶಾವಿಗೆ ಪಾಯಸ ಇತ್ತು. ಉಜ್ಜನಪ್ಪ ಭಾವನ ಪಕ್ಕದಲ್ಲೇ ಕೂತು ಉಂಡ. ಭಾವನಿಗೆ ಪಾಯಸ ಸಾಲದು ಎಂದು ಹೆಂಡತಿಗೆ ಎರಡು ಸಲ ಹೇಳಿದ. ಹೊರಡುವಾಗ ಕರಿಬಸವರಾಜರು ಹೆಂಡತಿಯ ಬ್ಯಾಗು ಎಲ್ಲಿದೆ ಎಂದು ಹುಡುಕಿದರು. ಅಷ್ಟು ಹೇಳಿದ ಮೇಲೆ ಜೊತೆಗೆ ಬರುತ್ತಾಳೆ ಎಂದೇ ಅವರ ಲೆಕ್ಕ. ಮರುಳಸಿದ್ದಮ್ಮ, ಇನ್ನೊಂದೆರಡು ದಿನ ಇದ್ದು ಬರುತ್ತೇನೆ, ತಮ್ಮನ ಜೊತೆ ಮನಬಿಚ್ಚಿ ಮಾತಾಡಿ ವರ್ಷದ ಮೇಲಾಯಿತು, ಬೆಳಗಿನ ಗುಳಿಗೆ ಮರೆಯಬೇಡಿ ಎಂದು ಬಾಗಿಲ ತನಕ ಬಂದು ಕಳಿಸಿದರು. ಗಂಡ ಬೇಡ ಅನ್ನಲಿಲ್ಲ. ಅನ್ನಬಹುದು ಎಂದೂ ಅವರಿಗೆ ಆ ಹೊತ್ತಿನಲ್ಲಿ ಅನ್ನಿಸಲಿಲ್ಲ.

ಸಂಜೆ ಐದಕ್ಕೆ ಮನೆಗೆ ಬಂದಾಗ ಬಸವಕಿರಣನೂ ತನುಶ್ರೀಯೂ ಪಡಸಾಲೆಯಲ್ಲೇ ಕಾಯುತ್ತಿದ್ದರು. ಹೋದ ಕೆಲಸ ಏನಾಯಿತು ಎಂದು ಮಗ ಅಳುಕುತ್ತ ಕೇಳಿದ. ಕರಿಬಸವರಾಜರು ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ಎಲ್ಲ ಬಗೆಹರಿಯಿತು ಎಂದರು. ಉಜ್ಜನಪ್ಪ ಕೆಟ್ಟವನಲ್ಲ, ಹರಿಹರದವರಿಗೆ ಯಾರಾದರೂ ಹೋಗಿ ಸರಿಯಾಗಿ ತಿಳಿಸಿ ಹೇಳಬೇಕು ಅಷ್ಟೇ, ತಾವು ಹೇಳಿದ ಕೂಡಲೇ ಒಂದೇ ಮಾತಿಗೆ ಒಪ್ಪಿಕೊಂಡ ಎಂದರು.